ಮಾವನ ಹೋಮರ್ ಮೊಟ್ಟೆ, ನಮ್ಮನೆ ಜೋಡಿಯ ಕಾವು

ಬೆಳೆದ ಹೋಮರ್ ಪಾರಿವಾಳವನ್ನು ತಂದರೆ ಅದು ನಮ್ಮದಾಗುವುದು ತುಂಬಾ ಕಷ್ಟ. ತಿಂಗಳುಗಟ್ಟಲೆ ಕೂಡಿಹಾಕಿ ಕಾಳು ಹಾಕಿದರೂ, ಬಿಟ್ಟ ದಿನವೇ ಹಳೆಯ ಗೂಡಿನ ಕಡೆ ಹೊರಟುಬಿಡುತ್ತದೆ. ನನ್ನ ಸೋದರಮಾವ ಇರುವುದು ಪಾಂಡವಪುರದ ಹತ್ತಿರ. ಮೈಸೂರಿನ ನಮ್ಮ ತಾರಸಿಯಿಂದ ಬಿಟ್ಟರೆ ಅವರ ಹೋಮರ್ ಅರ್ಧ ಗಂಟೆಯಲ್ಲಿ ಅಲ್ಲಿಗೆ ವಾಪಸ್ ಹಾರಿ ಹೋಗುತ್ತದೆ. "ಹಕ್ಕಿ ತಗೊಂಡೋಗಿ ಏನ್ ಮಾಡೀಯವ್ವ, ನಾಳೆ ನಮ್ಮನೆ ಹೆಂಚಿನ ಮೇಲೇ ಕೂತಿರ್ತದೆ. ಮೊಟ್ಟೆ ತಗೊಂಡೋಗು" ಅಂದವರು ಮಾವನೇ. ನಮ್ಮ ತಾರಸಿಯಲ್ಲಿ ಒಡೆದು ಹೊರಬಂದ ಮರಿಗೆ ನಮ್ಮ ತಾರಸಿಯೇ ಮನೆ.

ಮೊಟ್ಟೆ ತರುವುದು ಅಂದರೆ ಎಲ್ಲರೂ ದಾರಿಯ ಬಗ್ಗೆ ಕೇಳುತ್ತಾರೆ. ದಾರಿ ಸುಲಭದ ಭಾಗ. ಕಷ್ಟ ಇರುವುದು ದಿನ ಹೊಂದಿಸುವುದರಲ್ಲಿ.

ಯಾಕೆ ಅಂದರೆ, ಮರಿ ಮೊಟ್ಟೆಯಿಂದ ಹೊರಬಂದ ಮೇಲೆ ಅದಕ್ಕೆ ಬೇಕಾದದ್ದು ಪಾರಿವಾಳದ ಹಾಲು. ಕತ್ತಿನ ಬುಡದಲ್ಲಿ ಕಾಳು ತುಂಬಿಕೊಳ್ಳುವ ಚೀಲ ಇರುತ್ತದಲ್ಲ, ಅದರ ಒಳಪದರದಿಂದ ಗಿಣ್ಣಿನ ಥರದ ಗಟ್ಟಿ ಪದಾರ್ಥ ಬರುತ್ತದೆ. ಅಪ್ಪ ಅಮ್ಮ ಎರಡಕ್ಕೂ ಬರುತ್ತದೆ. ಮೊದಲ ಮೂರು ನಾಲ್ಕು ದಿನ ಮರಿಗೆ ಅದೇ ಊಟ, ಆಮೇಲೆ ಸ್ವಲ್ಪ ಸ್ವಲ್ಪವೇ ನೆನೆದ ಕಾಳು ಸೇರುತ್ತದೆ. ಹೆತ್ತ ತಾಯಂದಿರಲ್ಲಿ ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನೇ ಪಾರಿವಾಳಕ್ಕೂ ಈ ಹಾಲು ಬರಿಸುವುದು. 1930ರ ದಶಕದಲ್ಲಿ ಆಸ್ಕರ್ ರಿಡಲ್ ಮತ್ತು ಜೊತೆಗಾರರು ಆ ಹಾರ್ಮೋನಿಗೆ ಹೆಸರಿಟ್ಟಿದ್ದು ಪಾರಿವಾಳದ ಈ ಚೀಲವನ್ನು ನೋಡುತ್ತಲೇ. ನನ್ನ ಮಗಳಿಗೆ ಹಾಲು ಕುಡಿಸುತ್ತಿದ್ದ ದಿನಗಳಲ್ಲೇ ಇದನ್ನು ಓದಿದ್ದೆ. ಅವತ್ತಿನಿಂದ ಈ ಹಕ್ಕಿಗಳ ಮೇಲಿನ ಪ್ರೀತಿ ಇನ್ನೂ ಜಾಸ್ತಿ ಆಯಿತು.

ಈ ಹಾಲು ಕಾವಿಗೆ ಕೂತ ದಿನದ ಲೆಕ್ಕದಲ್ಲಿ ತಯಾರಾಗುತ್ತದೆ. ಎರಡನೇ ಮೊಟ್ಟೆ ಇಟ್ಟ ಮೇಲೆ ಹದಿನೇಳು ಹದಿನೆಂಟು ದಿನಕ್ಕೆ ಮರಿ ಬರುತ್ತದೆ, ಅದಕ್ಕೆ ಸ್ವಲ್ಪ ಮುಂಚೆ ಹಾಲು ಸಿದ್ಧ. ಸಾಕು ಜೋಡಿ, ಅಂದರೆ ಬೇರೆ ಹಕ್ಕಿಯ ಮೊಟ್ಟೆಗೆ ಕಾವು ಕೊಟ್ಟು ಮರಿ ಸಾಕುವ ನಮ್ಮನೆ ಜೋಡಿ, ಕಾವಿಗೆ ಕೂತು ಒಂದು ವಾರ ಆಗಿರುವಾಗ, ಇನ್ನೇನು ಒಡೆಯುವ ಮೊಟ್ಟೆ ತಂದಿಟ್ಟರೆ ಮರಿ ಬರುತ್ತದೆ, ಹಾಲು ಇರುವುದಿಲ್ಲ. ಮೊಟ್ಟೆ ಒಂದೆರಡು ದಿನ ತಡವಾಗಿ ಒಡೆದರೆ ನಡೆಯುತ್ತದೆ. ಬೇಗ ಒಡೆದರೆ ಮರಿ ಉಳಿಯುವುದು ಕಷ್ಟ. ಇನ್‌ಕ್ಯುಬೇಟರ್ ಇಟ್ಟುಕೋ ಅಂತ ಹೇಳುವವರಿದ್ದಾರೆ. ಅದು ಕಾವು ಕೊಡುತ್ತದೆ, ಊಟ ಯಾರು ಕೊಡಬೇಕು?

ಅದಕ್ಕೆ ಮಾವನೂ ನಾನೂ ಫೋನಿನಲ್ಲಿ ಮಾತಾಡಿಕೊಂಡು ಒಂದೇ ದಿನ ಜೋಡಿ ಕೂಡಿಸುತ್ತೇವೆ. ಅದಕ್ಕೂ ಮೊದಲು ಗಂಡು ಹೆಣ್ಣು ಬೇರೆ ಬೇರೆ ಇರುತ್ತವೆ. "ಇವತ್ ಬಿಟ್ಟೆ ಕಣವ್ವ, ನೀನೂ ಬುಡು" ಅಂತ ಮಾವ ಹೇಳಿದ ತಕ್ಷಣ ನಾನು ತಾರಸಿಗೆ ಓಡುತ್ತೇನೆ. ಕೂಡಿಸಿದ ಮೇಲೆ ಸುಮಾರು ಎಂಟು ಹತ್ತು ದಿನಕ್ಕೆ ಮೊದಲ ಮೊಟ್ಟೆ. ಸಾಮಾನ್ಯವಾಗಿ ಸಂಜೆ ಹೊತ್ತು ಇಡುತ್ತದೆ. ಒಂದು ದಿನ ಬಿಟ್ಟು ಮಾರನೇ ದಿನ ಮಧ್ಯಾಹ್ನ ಎರಡನೆಯದು. ಎಲ್ಲಾ ಜೋಡಿಯೂ ಒಂದೇ ದಿನ ಇಡುವುದಿಲ್ಲ. ಅದಕ್ಕೇ ನನ್ನ ಹತ್ತಿರ ಎರಡು ಸಾಕು ಜೋಡಿ, ಎರಡೂ ನಾಡು ಪಾರಿವಾಳ. ಯಾವುದರ ದಿನ ಹತ್ತಿರ ಬರುತ್ತದೋ ಅದರ ಅಡಿಗೆ ಇಡುತ್ತೇನೆ.

ಮಾವ ಮೊದಲ ಮೊಟ್ಟೆಯನ್ನು ಕಾವು ಹತ್ತುವ ಮುಂಚೆ ತೆಗೆದು, ಅದರ ಜಾಗದಲ್ಲಿ ಮರದ ಮೊಟ್ಟೆ ಇಡುತ್ತಾರೆ. ಕಾವು ಬೀಳದ ಮೊಟ್ಟೆಯನ್ನು ತಂಪಾದ ಜಾಗದಲ್ಲಿ ನಾಲ್ಕೈದು ದಿನ ಇಡಬಹುದು. ದಿನಾ ಒಂದು ಸಲ ಹೊರಳಿಸಬೇಕು. ಚಿಪ್ಪಿನ ಮೇಲೆ ದಿನಾಂಕ ಬರೆಯಲು ಪೆನ್ಸಿಲ್ ಸಾಕು. ಇದೆಲ್ಲ ನಾವು ಮಾಡುವುದು ಚಳಿಗಾಲದಲ್ಲಿ. ಏಪ್ರಿಲ್ ಬಿಸಿಲಿಗೆ ಮೊಟ್ಟೆ ಡಬ್ಬಿಯಲ್ಲೇ ಅರೆಬರೆ ಬೆಳೆಯಲು ಶುರುವಾಗುತ್ತದೆ, ಆಮೇಲೆ ಕೆಡುತ್ತದೆ.

ಸ್ಟೀಲ್ ಡಬ್ಬಿಗೆ ರಾಗಿ ತುಂಬಿ, ಚೂಪು ತುದಿ ಕೆಳಗೆ ಬರುವ ಹಾಗೆ ಮೊಟ್ಟೆ ಹೂಳುತ್ತೇವೆ. ರಾಗಿ ಸಣ್ಣ ಕಾಳು, ಸುತ್ತ ತುಂಬಿಕೊಂಡು ಅಲುಗಾಡಲು ಬಿಡುವುದಿಲ್ಲ. ದಪ್ಪ ತುದಿಯಲ್ಲಿ ಗಾಳಿ ಇರುವ ಜಾಗ ಕುಲುಕಿದರೆ ಒಳಗೆ ಹರಿದುಹೋಗಬಹುದು. ಸ್ಕೂಟರ್ ಬೇಡವೇ ಬೇಡ. 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಸ್ಕೂಟರ್ ಬಿಡುವುದಿಲ್ಲ, ಸರ್ವಿಸ್ ರೋಡಿನ ಹಂಪುಗಳಲ್ಲಿ ಮೊಟ್ಟೆ ತರಲು ನನಗೆ ಧೈರ್ಯವಿಲ್ಲ. ಪಾಂಡವಪುರ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಡಬ್ಬಿ ತೊಡೆಯ ಮೇಲಿಟ್ಟುಕೊಂಡರೆ ಶ್ರೀರಂಗಪಟ್ಟಣ, ನಾಗನಹಳ್ಳಿ, ಮೈಸೂರು. ಮನೆಗೆ ಬಂದ ಮೇಲೂ ರಾತ್ರಿಯೆಲ್ಲ ಡಬ್ಬಿ ಹಾಗೇ ಇರಲಿ, ಒಳಗಿನದು ನಿಧಾನಕ್ಕೆ ನೆಲೆ ನಿಲ್ಲುತ್ತದೆ.

ಮೊಟ್ಟೆ ಬದಲಿಸುವಾಗ ಸಾಕು ಜೋಡಿ ಗಲಾಟೆ ಮಾಡುವುದಿಲ್ಲ. ಯಾರ ಮೊಟ್ಟೆ ಅಂತ ಅವು ನೋಡುವುದಿಲ್ಲ. ಬೆಳಗ್ಗೆ ಹತ್ತರ ಸುಮಾರಿಗೆ ಗಂಡು ಬಂದು ಕೂರುತ್ತದೆ, ಸಂಜೆಯಾಗುತ್ತಿದ್ದಂತೆ ಹೆಣ್ಣು ಬಂದು ರಾತ್ರಿಯೆಲ್ಲ ಕೂರುತ್ತದೆ. ಗೂಡಿಗೆ ನಾನು ಹುಣಸೂರು ಕಡೆಯಿಂದ ತರಿಸಿದ ಹೊಗೆಸೊಪ್ಪಿನ ಕಡ್ಡಿ ಹಾಕುತ್ತೇನೆ, ಹೇನು ಬರುವುದಿಲ್ಲ. ಐದನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿದರೆ ಕೆಂಪು ನರಗಳು ಕಾಣಿಸಬೇಕು. ಅದು ಕಂಡಾಗ ಮೊದಲು ಮಾವನಿಗೆ ಫೋನ್. ಆಮೇಲೆ ಮುಟ್ಟುವುದಿಲ್ಲ. ಚಿಪ್ಪು ಬಿರುಕು ಬಿಟ್ಟ ಮೇಲೆ ಸಹಾಯ ಮಾಡುತ್ತೇನೆ ಅಂತ ಕೈ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಳಗಿನ ರಕ್ತ ಮರಿಯ ಮೈಗೆ ಇನ್ನೂ ಸೇರುತ್ತಿರುತ್ತದೆ.

ಇನ್ನೊಂದು ವಿಷಯದಲ್ಲಿ ಮಾವ ಬಹಳ ಕಟ್ಟುನಿಟ್ಟು. ಮೊಟ್ಟೆ ತೆಗೆದುಬಿಟ್ಟರೆ ಹೆಣ್ಣು ಹತ್ತು ದಿನಕ್ಕೆಲ್ಲ ಮತ್ತೆ ಇಡುತ್ತದೆ. ಹೀಗೆ ತೆಗೆಯುತ್ತಲೇ ಹೋದರೆ ಮೊಟ್ಟೆ ಜಾಸ್ತಿ ಸಿಗುತ್ತದೆ, ಆದರೆ ಚಿಪ್ಪಿಗೆ ಬೇಕಾದ ಸುಣ್ಣ ಅದರ ಮೂಳೆಯಿಂದಲೂ ಹೋಗುತ್ತದೆ. ಆಸೆಗೆ ಹೀಗೆ ಮಾಡಿ ಒಳ್ಳೆ ಹೆಣ್ಣುಗಳನ್ನು ಹಾಳು ಮಾಡಿದವರನ್ನು ನೋಡಿದ್ದೇವೆ. ಒಂದು ಸಲ ತೆಗೆದರೆ ಮುಂದಿನ ಸಲ ಮಾವನ ಜೋಡಿ ತನ್ನ ಮರಿಯನ್ನು ತಾನೇ ಸಾಕುತ್ತದೆ. ನಮ್ಮ ಸಾಕು ಜೋಡಿಗೂ ಅದೇ ನಿಯಮ. ಹೋಮರ್ ಮರಿಗಳು ತಾವೇ ಕಾಳು ತಿನ್ನಲು ಶುರು ಮಾಡಿದ ಮೇಲೆ ಅವಕ್ಕೆ ಸ್ವಲ್ಪ ದಿನ ವಿಶ್ರಾಂತಿ, ಸಜ್ಜೆ, ಹೆಸರುಕಾಳು, ಪುಡಿ ಮಾಡಿದ ಕಪ್ಪೆಚಿಪ್ಪು. ಆಮೇಲೆ ಅವು ಇಡುವ ಮೊಟ್ಟೆ ಅವುಗಳ ಹತ್ತಿರವೇ ಇರುತ್ತದೆ.