ಕೇಬಲ್ ಬಿಟ್ಟೆವು, ಹೊಸ ಟಿವಿ ಬೇಕಾಗಲಿಲ್ಲ

ಹೋದ ತಿಂಗಳು ಕೇಬಲ್ ತೆಗೆಸಿದೆವು. ಅಮ್ಮನಿಗೆ ಹಳೇ ಸಿನಿಮಾ ಬೇಕು, ನನಗೆ ರಾತ್ರಿ ಹತ್ತರ ಮೇಲೆ ಮಾತ್ರ ಬಿಡುವು, ಚಾನೆಲ್‌ನವರು ಹಾಕಿದಾಗಲೇ ನೋಡೋಕೆ ಆಗಲ್ಲ ಅಲ್ವಾ. ಹಳೇ ಟಿವಿಯ ಹಿಂದೆ ಎಚ್‌ಡಿಎಂಐ ಪೋರ್ಟ್ ಇತ್ತು, ಇಂಟರ್ನೆಟ್‌ನಿಂದ ಸಿನಿಮಾ ತೋರಿಸೋ ಪುಟ್ಟ ಸಾಧನ ಫೈರ್ ಟಿವಿ ಸ್ಟಿಕ್ಕನ್ನು ಅದಕ್ಕೆ ಸಿಕ್ಕಿಸಿದೆ, ಅಷ್ಟೇ ಸಾಕಾಯಿತು. ಟಿವಿಯೇ 4ಕೆ (ಫುಲ್ ಎಚ್‌ಡಿಗಿಂತ ಸ್ಪಷ್ಟ ಚಿತ್ರದ್ದು) ಅಲ್ಲದಿದ್ದರೆ 4ಕೆ ಸ್ಟಿಕ್‌ಗೆ ಜಾಸ್ತಿ ದುಡ್ಡು ಕೊಡೋದು ಸುಮ್ನೆ ದಂಡ. ಕರೆಂಟ್ ಮಾತ್ರ ಜೊತೆಗೆ ಬಂದ ಅಡಾಪ್ಟರ್‌ನಿಂದಲೇ ಕೊಡಿ.

ನಿಜವಾದ ತಲೆನೋವು ವೈಫೈ. 1080ಪಿ, ಅಂದರೆ ಫುಲ್ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್ ಇಂಟರ್ನೆಟ್ ವೇಗ ಸಾಕು ಅಂತ ನೆಟ್‌ಫ್ಲಿಕ್ಸ್ ಹೇಳುತ್ತದೆ, ನಮ್ಮದು 40 ಎಂಬಿಪಿಎಸ್ ಪ್ಲಾನ್, ಆದರೂ ಸಿನಿಮಾ ನಿಂತು ನಿಂತು ಬರುತ್ತಿತ್ತು. ರೂಟರ್ ಎರಡು ಗೋಡೆ ಆಚೆ, ರೂಮಿನಲ್ಲಿತ್ತು. ಅದನ್ನು ಹಾಲ್‌ಗೆ ತಂದು, ಸ್ಟಿಕ್ಕನ್ನು ಅದರ ಹೆಚ್ಚು ವೇಗದ 5 ಗಿಗಾಹರ್ಟ್ಸ್ ವೈಫೈಗೆ ಸೇರಿಸಿದೆ. ಈಗ ಅಮ್ಮ ಮೂರು ಗಂಟೆಯ ಸಿನಿಮಾವನ್ನು ಒಂದೇ ಸಲ ಕೂತು ನೋಡುತ್ತಾರೆ.