ಧೈರ್ಯ ಹೇಳಲಾಯಿತು

ರಾತ್ರಿ ಪಾಳಿಯ ದಾಖಲೆಗಳಲ್ಲಿ ನಾನು ಅತಿ ಹೆಚ್ಚು ಸಲ ಬರೆದಿರುವ ವಾಕ್ಯ ಬಹುಶಃ ಇದೇ ಇರಬೇಕು: ‘ರೋಗಿ ಗಾಬರಿಗೊಂಡಿದ್ದರು, ಧೈರ್ಯ ಹೇಳಲಾಯಿತು.’ ಯಾರು ಹೇಳಿದರು, ಏನು ಹೇಳಿದರು, ಹೇಳಿದ್ದು ಒಳಗೆ ಇಳಿಯಿತೋ ಕಿವಿಯ ಪಕ್ಕದಲ್ಲೇ ಹಾದುಹೋಯಿತೋ, ಒಂದೂ ಅದರಲ್ಲಿ ಇರುವುದಿಲ್ಲ. ನರ್ಸಿಂಗ್ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನನ್ನ ಬಳಿ ಇದ್ದ ಧೈರ್ಯವೆಲ್ಲ ಎರಡೇ ಪದಗಳದ್ದು: ‘ಏನೂ ಇಲ್ಲ.’

ಆ ರಾತ್ರಿ ಎರಡು ಗಂಟೆ ದಾಟಿತ್ತು. ತುರ್ತು ವಿಭಾಗಕ್ಕೆ ಗಾಲಿಕುರ್ಚಿಯಲ್ಲಿ ಬಂದವರಿಗೆ ನಲವತ್ತರ ಆಸುಪಾಸು. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಒಂದು ಉಸಿರು ಮುಗಿಯುವ ಮೊದಲೇ ಇನ್ನೊಂದನ್ನು ಎಳೆದುಕೊಳ್ಳುತ್ತಿದ್ದರು. ‘ಎದೆ ಹಿಡಿದುಕೊಂಡಿದೆ’ ಎಂಬ ಎರಡು ಪದಗಳನ್ನು ಹೇಳಲು ಮೂರು ಸಲ ನಿಲ್ಲಿಸಿದರು. ಜೊತೆಗಿದ್ದ ಅಣ್ಣ ಹಳೆಯ ಚೀಟಿಗಳ ಕಟ್ಟನ್ನು ನನ್ನ ಕೈಗಿಟ್ಟು, ‘ಒಂದೇ ತಿಂಗಳಲ್ಲಿ ಇದು ಮೂರನೆಯ ಸಲ, ಸಿಸ್ಟರ್’ ಎಂದರು, ತಪ್ಪು ಒಪ್ಪಿಕೊಳ್ಳುವ ದನಿಯಲ್ಲಿ.

ಮೂರನೆಯ ಸಲವಾಗಲಿ ಮೂವತ್ತನೆಯ ಸಲವಾಗಲಿ, ಎದೆನೋವು ಎಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಲೇಬೇಕು. ಆಯಿತು. ನಾಡಿ 128, ರಕ್ತದೊತ್ತಡ ತುಸು ಹೆಚ್ಚು, ಆಮ್ಲಜನಕ 100. ಇಸಿಜಿಯಲ್ಲಿ ಹೃದಯ ವೇಗವಾಗಿ, ಆದರೆ ಲಯ ತಪ್ಪದೆ ಓಡುತ್ತಿತ್ತು. ಹೃದಯದ ಸ್ನಾಯುವಿಗೆ ಪೆಟ್ಟಾಗಿದ್ದರೆ ರಕ್ತದಲ್ಲಿ ಏರುವ ಟ್ರೊಪೊನಿನ್‌ಗೂ ಸಕ್ಕರೆಗೂ ರಕ್ತ ತೆಗೆದೆ. ವೈದ್ಯರು ಕಾಗದದ ಮೇಲೆ ಕಣ್ಣಾಡಿಸಿ, ‘ಪ್ಯಾನಿಕ್ ಇರಬೇಕು. ಮೂರು ಗಂಟೆ ಬಿಟ್ಟು ಇನ್ನೊಮ್ಮೆ ರಕ್ತ ಕಳಿಸಿ, ಅಲ್ಲಿಯವರೆಗೆ ನೋಡಿಕೊಳ್ಳಿ’ ಎಂದು ಅಪಘಾತದ ಗಾಯಾಳುವಿನ ಕಡೆಗೆ ಓಡಿದರು. ನನ್ನ ಮನಸ್ಸೂ ಅವರ ಹಿಂದೆಯೇ ಹೋಯಿತು. ನಿಜವಾದ ರೋಗಿ ಅಲ್ಲಿದ್ದಾನೆ, ನಾನಿಲ್ಲಿ ಸಿಕ್ಕಿಕೊಂಡೆ ಎಂದು ಅನ್ನಿಸಿದ್ದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಆ ಅವಸರದಲ್ಲೇ ಬಾಯಿಂದ ಜಾರಿತು: ‘ಗಾಬರಿಯಾಗಬೇಡಿ, ಏನೂ ಇಲ್ಲ.’

ಅವರು ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದರು. ಮಣಿಕಟ್ಟು ಒಳಕ್ಕೆ ಬಾಗಿತ್ತು. ಬೆರಳುಗಳು ನೆಟ್ಟಗೆ ಸೆಟೆದು ಒಂದಕ್ಕೊಂದು ಅಂಟಿದ್ದವು, ಹೆಬ್ಬೆರಳು ಅಂಗೈಯೊಳಗೆ ಸೇರಿಕೊಂಡಿತ್ತು. ಬಿಡಿಸಲು ನೋಡಿದರೂ ಬರುತ್ತಿರಲಿಲ್ಲ. ‘ಏನೂ ಇಲ್ಲದಿದ್ದರೆ ಇದೇನು?’

ಅತಿವೇಗವಾಗಿ ಉಸಿರಾಡಿದಾಗ ಇಂಗಾಲದ ಡೈ ಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಗೆ ಹೋಗುತ್ತದೆ. ರಕ್ತ ಕ್ಷಾರದ ಕಡೆಗೆ ವಾಲುತ್ತದೆ, ಅದರಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಇಳಿಯುತ್ತದೆ, ನರಗಳು ಕೆರಳುತ್ತವೆ. ತುಟಿಯ ಸುತ್ತ ಜುಮುಗುಡುತ್ತದೆ, ಕೈ ಸೆಟೆದುಕೊಳ್ಳುತ್ತದೆ. ಉಸಿರು ಹದಕ್ಕೆ ಬಂದರೆ ಇದೂ ತಾನಾಗಿ ಸರಿಹೋಗುತ್ತದೆ. ಆದರೆ ತನ್ನ ಕೈ ತನ್ನ ಮಾತು ಕೇಳದೆ ಮುರುಟಿಕೊಳ್ಳುವುದನ್ನು ಕಣ್ಣಾರೆ ಕಾಣುತ್ತಿರುವ ಮನುಷ್ಯನಿಗೆ ‘ಏನೂ ಇಲ್ಲ’ ಎಂದರೆ, ಸಾಯುವ ಭಯದ ಮೇಲೆ ಯಾರೂ ನಂಬುತ್ತಿಲ್ಲ ಎಂಬ ಭಯವನ್ನೂ ಹೇರಿದಂತಾಯಿತು, ಅಷ್ಟೇ.

‘ತಪ್ಪು ಹೇಳಿದೆ’ ಎಂದೆ. ‘ನಿಮಗೆ ಆಗುತ್ತಿರುವುದು ನಿಜ. ಕೈ ಹೀಗಾಗಿರುವುದು ಉಸಿರಿನ ವೇಗದಿಂದ. ಬಿಡುತ್ತದೆ.’

ನರ್ಸಿಂಗ್ ಓದಿದವರೆಲ್ಲ ಆತಂಕದ ನಾಲ್ಕು ಮಟ್ಟಗಳನ್ನು ಪರೀಕ್ಷೆಯಲ್ಲಿ ಬರೆದವರೇ. ನರ್ಸ್ ಮತ್ತು ರೋಗಿಯ ಸಂಬಂಧದ ಬಗ್ಗೆಯೇ 1952ರಲ್ಲಿ ಪುಸ್ತಕ ಬರೆದ ಹಿಲ್ಡೆಗಾರ್ಡ್ ಪೆಪ್ಲೌ ಹೇಳಿಕೊಟ್ಟದ್ದು: ಅಲ್ಪ, ಮಧ್ಯಮ, ತೀವ್ರ, ಪ್ಯಾನಿಕ್. ಮೊದಲನೆಯದರಲ್ಲಿ ಗಮನ ಚುರುಕಾಗುತ್ತದೆ. ಮುಂದೆ ಹೋದಂತೆ ಕಿರಿದಾಗುತ್ತ ಬಂದು ಕೊನೆಯಲ್ಲಿ ಸೂಜಿಯ ಕಣ್ಣಿನಷ್ಟೇ ಉಳಿಯುತ್ತದೆ. ಅಣ್ಣ ಮಾತ್ರ ಆ ಸೂಜಿಯ ಕಣ್ಣಿನಲ್ಲಿ ಹಗ್ಗ ತೂರಿಸಲು ನೋಡುತ್ತಿದ್ದರು: ‘ಧೈರ್ಯ ತಂದುಕೋ, ಮಕ್ಕಳ ಮುಖವನ್ನಾದರೂ ನೆನೆಸಿಕೋ, ನಿನಗೇನು ಕಡಿಮೆಯಾಗಿದೆ ಹೇಳು.’ ಅವರಿಗೊಂದು ಕಾಗದ, ಪೆನ್ನು ಕೊಟ್ಟೆ. ತಮ್ಮ ಯಾವ ಯಾವ ಮಾತ್ರೆ ನುಂಗುತ್ತಾನೆ, ಎಂದಿನಿಂದ, ಎಲ್ಲವನ್ನೂ ಹೊರಗೆ ಕುಳಿತು ಬರೆದುಕೊಡಿ ಎಂದೆ.

ಪರದೆ ಎಳೆದು ತಲೆಯ ಮೇಲಿನ ದೀಪ ಆರಿಸಿದೆ. ಅವರ ಕಣ್ಣು ಮಾನಿಟರ್ ಮೇಲೆ ನೆಟ್ಟಿತ್ತು. 128 ಎನ್ನುವುದು 131 ಆಗುತ್ತಿದ್ದಂತೆ ಕಣ್ಣು ಅಗಲವಾಗುತ್ತಿತ್ತು, ಕಣ್ಣು ಅಗಲವಾದಂತೆ ಅಂಕಿ ಇನ್ನೆರಡು ಏರುತ್ತಿತ್ತು. ಮಾನಿಟರ್ ಅನ್ನು ನನ್ನ ಕಡೆಗೆ ತಿರುಗಿಸಿ ಸದ್ದು ತಗ್ಗಿಸಿದೆ. (ಅಲಾರಂ ಮುಚ್ಚಲಿಲ್ಲ, ಅದನ್ನು ಮುಚ್ಚುವ ಅಭ್ಯಾಸ ಯಾರಿಗೂ ಬೇಡ.) ಸ್ಟೂಲ್ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕುಳಿತು, ‘ಕೈ ಹಿಡಿದುಕೊಳ್ಳಲೇ?’ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿದರು. ಸರಿ, ಹಿಡಿಯಲಿಲ್ಲ.

ಇಂಥ ಹೊತ್ತಿನಲ್ಲಿ ‘ದೀರ್ಘವಾಗಿ ಉಸಿರು ಎಳೆದುಕೊಳ್ಳಿ’ ಎನ್ನುವುದು ಎಲ್ಲರಿಗೂ ಬಾಯಿಪಾಠ. ಈಗಾಗಲೇ ಮಿತಿಮೀರಿ ಎಳೆದುಕೊಂಡವರಿಗೆ ಇನ್ನಷ್ಟು ಎಳೆಯಿರಿ ಎನ್ನುವುದೇ! ‘ಬಿಡಿ’ ಎಂದೆ. ‘ಬರೀ ಬಿಡುವುದನ್ನು ನೋಡಿಕೊಳ್ಳಿ, ಎಳೆದುಕೊಳ್ಳುವುದು ತಾನಾಗಿ ಆಗುತ್ತದೆ.’ ಒಳಗೆ ಮೂರು ಎಣಿಕೆ, ಹೊರಗೆ ಐದು. ನಾನೂ ಜೊತೆಯಲ್ಲೇ ಉಸಿರಾಡಿದೆ. ಪಕ್ಕದ ಹಾಸಿಗೆಯವರ ಕಡೆಯ ಹೆಂಗಸೊಬ್ಬರು ಪರದೆಯ ಸಂದಿಯಿಂದ ಕಾಗದದ ಚೀಲ ಚಾಚಿ, ಇದರೊಳಗೆ ಉಸಿರಾಡಿಸಿ ಎಂದರು. ಒಳ್ಳೆಯ ಮನಸ್ಸಿನಿಂದಲೇ. ಒಂದು ಕಾಲಕ್ಕೆ ಅದನ್ನೇ ಮಾಡುತ್ತಿದ್ದರು. ಗಾಬರಿ ಎಂದುಕೊಂಡದ್ದು ಹೃದಯದ್ದೋ ಆಸ್ತಮಾದ್ದೋ ಆಗಿಬಿಟ್ಟರೆ ಆ ಚೀಲದೊಳಗೆ ಆಮ್ಲಜನಕ ಕುಸಿದು ಜೀವಕ್ಕೇ ಕುತ್ತು ಬರಬಹುದು, ಹಾಗಾಗಿ ಈಗ ಬಿಟ್ಟಿದ್ದೇವೆ.

‘ಸಿಸ್ಟರ್, ನಾನು ಸಾಯುತ್ತೇನೆಯೇ?’

ಇಲ್ಲ ಎನ್ನುವುದು ಸುಲಭ. ಎರಡನೆಯ ರಕ್ತಪರೀಕ್ಷೆ ಇನ್ನೂ ಬಾಕಿಯಿತ್ತು. ‘ಇಲ್ಲಿಯವರೆಗೆ ನೋಡಿದ ಯಾವುದರಲ್ಲೂ ಅಂಥ ಗುರುತಿಲ್ಲ. ಇನ್ನೊಂದು ಪರೀಕ್ಷೆ ಇದೆ. ಅಲ್ಲಿಯವರೆಗೆ ನಾನು ಇಲ್ಲೇ ಓಡಾಡಿಕೊಂಡಿರುತ್ತೇನೆ’ ಎಂದೆ. ಅವರು ನನ್ನ ಮುಖವನ್ನೇ ನೋಡಿದರು, ಲೆಕ್ಕ ತಾಳೆ ನೋಡುವವರ ಹಾಗೆ. ಆಮೇಲೆ ಐದರವರೆಗೆ ಎಣಿಸಿ ಉಸಿರು ಬಿಟ್ಟರು. ಅಷ್ಟರಲ್ಲಿ ಕಾಲು ಗಂಟೆ ಕಳೆದಿತ್ತು. ಹೆಬ್ಬೆರಳು ಅಂಗೈಯಿಂದ ಹೊರಗೆ ಬಂದಿತ್ತು.

ಅತ್ತ ಕರೆ ಬಂತು. ‘ನಾಲ್ಕು ನಿಮಿಷದಲ್ಲಿ ಬರುತ್ತೇನೆ’ ಎಂದು, ಮಾತಿಗೆ ಒತ್ತೆಯಾಗಿ ಅಂಗಿಗೆ ಸಿಕ್ಕಿಸಿಕೊಂಡಿದ್ದ ಗಡಿಯಾರವನ್ನು ಬಿಚ್ಚಿ ಅವರ ಕೈಗೆ ಕೊಟ್ಟೆ. ಈ ಉಪಾಯಕ್ಕೆ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡು ಹೊರಟೆ. ಮರಳಿ ಬಂದು ನೋಡಿದರೆ ಮಹಾಶಯರು ಎರಡು ಬೆರಳು ಮಣಿಕಟ್ಟಿಗೊತ್ತಿ, ಸೆಕೆಂಡಿನ ಮುಳ್ಳು ನೋಡಿಕೊಂಡು ನಾಡಿ ಎಣಿಸುತ್ತಿದ್ದಾರೆ! ಕುಣಿಯುವ ಕಾಲಿಗೆ ನಾನೇ ಗೆಜ್ಜೆ ಕಟ್ಟಿ ಹೋಗಿದ್ದೆ. ನನಗೆ ನಗು ಬಂತು. ಸಿಕ್ಕಿಬಿದ್ದ ಹುಡುಗನ ಹಾಗೆ ಅವರೂ ನಕ್ಕರು. ‘104’ ಎಂದರು.

ಆ ನಗುವಿನ ಹಿಂದೆಯೇ ಮಾತು ಬಂತು. ದಿನಕ್ಕೆ ಮೂವತ್ತು ಸಲವಾದರೂ ನಾಡಿ ನೋಡಿಕೊಳ್ಳುತ್ತಾರಂತೆ. ಮೆಟ್ಟಿಲು ಹತ್ತಿದರೆ ಎದೆ ಬಡಿದುಕೊಳ್ಳುತ್ತದೆಂದು ಮೆಟ್ಟಿಲನ್ನೇ ಬಿಟ್ಟಿದ್ದಾರೆ. ಎಲ್ಲಿ ಹೋದರೂ ಬಾಗಿಲ ಪಕ್ಕದ ಕುರ್ಚಿಯೇ ಆಗಬೇಕು. ಪ್ಯಾನಿಕ್ ಏರಿ ಶಿಖರ ಮುಟ್ಟುವುದು ಹೆಚ್ಚೆಂದರೆ 10 ನಿಮಿಷದ ಆಟ. ಮುಂದಿನದು ಯಾವಾಗಲೋ ಎಂಬ ಕಾವಲು ಮಾತ್ರ ಹಗಲೂ ರಾತ್ರಿ. ಕಾಯಿಲೆ ಇರುವುದು ಆ ಕಾವಲಿನಲ್ಲಿ. ಹೃದಯದ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ.

ಅಣ್ಣ ಬರೆದು ತಂದ ಕಾಗದದಲ್ಲಿ ಇನ್ನೊಂದು ಗುಟ್ಟಿತ್ತು. ಮನೋವೈದ್ಯರು ಬರೆದುಕೊಟ್ಟ ದಿನನಿತ್ಯದ ಮಾತ್ರೆಯನ್ನು ಐದನೆಯ ದಿನಕ್ಕೇ ನಿಲ್ಲಿಸಿದ್ದಾರೆ. ಕೇಳಿದರೆ, ‘ಅದನ್ನು ತೆಗೆದುಕೊಂಡ ಮೇಲೆ ಚಡಪಡಿಕೆ ಜಾಸ್ತಿಯಾಯಿತು’ ಎಂದರು. ಆ ಬಗೆಯ ಮಾತ್ರೆಗಳು ಹಿಡಿತಕ್ಕೆ ಬರಲು ವಾರಗಳೇ ಬೇಕು, ಮೊದಲ ದಿನಗಳಲ್ಲಿ ಚಡಪಡಿಕೆ ತುಸು ಏರುವುದೂ ಉಂಟು. ಇಷ್ಟನ್ನು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ಅರ್ಧ ಗಂಟೆಯಲ್ಲಿ ಮನಸ್ಸನ್ನು ಮೆತ್ತಗಾಗಿಸುವ ಸಣ್ಣ ಮಾತ್ರೆಯ ಮೇಲೆ ಮಾತ್ರ ಅಪಾರ ಪ್ರೀತಿ; ಅದೇ ಅಭ್ಯಾಸವಾಗಿ ಅಂಟಿಕೊಳ್ಳುವಂಥದ್ದು. ವೈದ್ಯರ ಗಮನಕ್ಕೆ ತಂದೆ. ಅವರು ಬಂದು ಹೇಳಿದ್ದನ್ನು, ಆಮೇಲೆ ಉಸಿರು ಹದಕ್ಕೆ ಬಂದಿದ್ದಾಗ, ರೋಗಿಯ ಬಾಯಿಂದಲೇ ಇನ್ನೊಮ್ಮೆ ಹೇಳಿಸಿದೆ.

ಎರಡನೆಯ ರಕ್ತವೂ ಸರಿಯಿತ್ತು. ಪಾಳಿ ಮುಗಿಸುವ ಮುನ್ನ ದಾಖಲೆ ತೆರೆದೆ. ‘ರೋಗಿ ಗಾಬರಿಗೊಂಡಿದ್ದರು, ಧೈರ್ಯ’ ಎನ್ನುವವರೆಗೆ ಕೈ ತಾನಾಗಿಯೇ ಬರೆದುಬಿಟ್ಟಿತು. ಒಂದು ಗೆರೆ ಎಳೆದು ಸಹಿ ಹಾಕಿ, ಕೆಳಗೆ ಹೊಸದಾಗಿ ಬರೆದೆ: ಮಾನಿಟರ್ ಕಣ್ಣಿಗೆ ಬೀಳದಂತೆ ಇಡುವುದು. ಕೇಳದೆ ಮುಟ್ಟಬಾರದು. ಉಸಿರು ಬಿಡುವುದನ್ನು ಎಣಿಸಿದರೆ ಸ್ಪಂದಿಸುತ್ತಾರೆ. 2.20ಕ್ಕೆ ನಾಡಿ 128, 2.50ಕ್ಕೆ 96. ಮಾತ್ರೆ ಐದನೆಯ ದಿನ ನಿಲ್ಲಿಸಿದ್ದಾರೆ, ಕಾರಣ ಚಡಪಡಿಕೆ. ಗಡಿಯಾರ ಕೊಟ್ಟದ್ದನ್ನು ಬರೆಯಲಿಲ್ಲ.

ಬೆಳಿಗ್ಗೆ ಅಣ್ಣನ ಜೊತೆ ನಡೆದುಕೊಂಡೇ ಹೊರಟರು. ಹೊರಬಾಗಿಲ ಬಳಿ ಅಣ್ಣ ಚೀಟಿಗಳನ್ನು ಜೋಡಿಸಿಕೊಳ್ಳಲು ನಿಂತಾಗ ನೋಡಿದೆ, ಅವರ ಎರಡು ಬೆರಳು ಮತ್ತೆ ಮಣಿಕಟ್ಟಿನ ಮೇಲಿದ್ದವು. ನಾನು ನೋಡುತ್ತಿದ್ದೇನೆಂದು ತಿಳಿದ ಕೂಡಲೇ ಕೈಯನ್ನು ಜೇಬಿಗೆ ಇಳಿಸಿದರು.