ಗಿಣ್ಣು ತಿಂದವರ ಪಟ್ಟಿ

"ನಾನು ಗಿಣ್ಣೇ ತಿನ್ನಿಲ್ವಲ್ಲ ಮಗ, ನಂಗ್ಯಾಕೆ ಸೂಜಿ?"

ಮಂಗಳವಾರದಿಂದ ಈ ಮಾತು ಕಿವಿಯಲ್ಲೇ ಕೂತಿದೆ. ಹೇಳಿದ್ದು ನಮ್ಮೂರ ಮೂಲೆಮನೆ ಅಜ್ಜಿ. ಹೇಳುವಾಗ ಅವರ ಬಲಗೈಯ ಎರಡು ಬೆರಳು ಕರುವಿನ ಬಾಯೊಳಗಿದ್ದವು. ಕರು ಚೀಪುತ್ತಿತ್ತು. ಎರಡು ದಿನದ ಹಿಂದೆ ಸತ್ತ ಹಸುವಿನ ಕರು ಅದು.

ನಾನು ಓದಿದ್ದು ಬಿವಿಎಸ್ಸಿ. ಐದೂವರೆ ವರ್ಷ ದನ, ಕುರಿ, ಕೋಳಿ, ನಾಯಿ. ಅದು ಮುಗಿಸಿ ಈಗ ಎಂಪಿಎಚ್ ಮಾಡುತ್ತಿದ್ದೇನೆ. ಅಂದರೆ ಜನರ ಆರೋಗ್ಯದ ಓದು. ಅಮೆರಿಕದ ಮಿನ್ನೆಸೋಟದಂಥ ವಿಶ್ವವಿದ್ಯಾಲಯಗಳಲ್ಲಿ ಈ ಎರಡನ್ನೂ ಜೊತೆಜೊತೆಗೇ ಓದಬಹುದು. ನಮ್ಮಲ್ಲಿ ಒಂದು ಬಾಗಿಲಿಂದ ಆಚೆ ಬಂದು ಇನ್ನೊಂದು ಬಾಗಿಲು ತಟ್ಟಬೇಕು. ಕೆಲವು ಎಂಪಿಎಚ್ ಕೋರ್ಸಿಗೆ ನಮ್ಮಂಥವರನ್ನೂ ಸೇರಿಸಿಕೊಳ್ಳುತ್ತಾರೆ, ಅಷ್ಟೇ ಸಮಾಧಾನ. ಊರಿನಲ್ಲಿ ಇದನ್ನು ವಿವರಿಸುವುದನ್ನು ಬಿಟ್ಟು ವರ್ಷವಾಯಿತು. "ದನದ ಡಾಕ್ಟ್ರು ಆಗಿದ್ಲು, ಸರಿಹೋಗ್ಲಿಲ್ಲ ಅಂತ ಮತ್ತೆ ಓದ್ತಾವ್ಳೆ" ಎಂದು ನಮ್ಮ ಚಿಕ್ಕಪ್ಪ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾರೆ. ಇರಲಿ.

ಶನಿವಾರ ರಾತ್ರಿ ಊರಿಗೆ ಬಂದೆ. ಭಾನುವಾರ ಬೆಳಗಿನ ಜಾವ ಮೂಲೆಮನೆ ಹಸು ಸತ್ತಿತು. ನಾನು ಎದ್ದು ಹಲ್ಲುಜ್ಜುವ ಹೊತ್ತಿಗೆ ಜೆಸಿಬಿ ಬಂದು ಗುಂಡಿಯನ್ನೂ ಮುಚ್ಚಿ ಆಗಿತ್ತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಮಿದುಳಿನ ಚೂರು ನೋಡಿ ರೇಬೀಸ್, ಅಂದರೆ ಹುಚ್ಚುನಾಯಿ ರೋಗ, ಹೌದೋ ಅಲ್ಲವೋ ಹೇಳುವ ಪ್ರಯೋಗಾಲಯವಿದೆ. ಆದರೆ ಮಿದುಳೇ ಮಣ್ಣಿನಡಿ ಹೋದ ಮೇಲೆ ಏನು ಕಳಿಸುವುದು?

ಕೇಳಿದ ಕಥೆ ಇಷ್ಟು. ಹಸು ಕರು ಹಾಕಿ ಹನ್ನೆರಡು ದಿನ. ಬುಧವಾರ ಮೇವು ಬಿಟ್ಟಿತು. ಹಿಂಗಾಲು ಸೋತಂತೆ ತೂರಾಡಿತು. ಊರೂರು ಸುತ್ತಿ ದನಕ್ಕೆ ಸೂಜಿ ಹಾಕುವವನೊಬ್ಬ ಬಂದು, ಹೊಸದಾಗಿ ಈದ ಹಸು, ಕ್ಯಾಲ್ಸಿಯಂ ಕಡಿಮೆಯಾಗಿದೆ ಎಂದು ಬಾಟಲಿ ಏರಿಸಿ ದುಡ್ಡು ತೆಗೆದುಕೊಂಡು ಹೋದ. ಅವನನ್ನು ಪೂರ್ತಿ ಬೈಯಲೂ ಆಗುವುದಿಲ್ಲ. ಈದ ಹೊಸತರಲ್ಲಿ ಹಸು ತೂರಾಡಿದರೆ ಮೊದಲು ತಲೆಗೆ ಬರುವುದು ಅದೇ, ನನಗೂ ಅದೇ ಬರುತ್ತಿತ್ತು. ಗುರುವಾರ ಜೊಲ್ಲು ಶುರುವಾಯಿತು. ನೀರು ಕುಡಿಯಲು ಹೋಗುತ್ತದೆ, ಗಂಟಲಿಳಿಯುವುದಿಲ್ಲ. ಏನೋ ಸಿಕ್ಕಿಕೊಂಡಿದೆ ಅಂದರು. ಶುಕ್ರವಾರ ಒಡೆದ ಗಂಟಲಲ್ಲಿ ಒಂದೇ ಸಮ ಕೂಗಿತು. ಬೆದೆಗೆ ಬಂದಿದೆ ಅಂದರಂತೆ. ಹತ್ತು ದಿನದ ಬಾಣಂತಿ ಹಸು!

ಶನಿವಾರ ಸರ್ಕಾರಿ ಪಶುವೈದ್ಯರು ಬಂದರು. ದೂರದಿಂದಲೇ ನೋಡಿ ಎರಡು ಹೆಜ್ಜೆ ಹಿಂದೆ ಹೋದರಂತೆ. ಆ ಎರಡು ಹೆಜ್ಜೆಯಲ್ಲೇ ಅವರ ಅನುಭವ ಗೊತ್ತಾಗುತ್ತದೆ. "ಒಂದೆರಡು ತಿಂಗಳಲ್ಲಿ ನಾಯಿ ಏನಾದ್ರೂ ಕಚ್ಚಿತ್ತಾ?" ಎಂದು ಕೇಳಿದಾಗಲೇ ಅಜ್ಜಿಯ ಮಗನಿಗೆ ನೆನಪಾಗಿದ್ದು. ಕಚ್ಚಿತ್ತು, ಮೂತಿಗೆ. ಅರಿಶಿನ ಹಚ್ಚಿದ್ದರು. "ಬಾಯೊಳಗೆ ಯಾರಾದ್ರೂ ಕೈ ಹಾಕಿದ್ರಾ?" ಎಂದೂ ಕೇಳಿದ್ದಾರೆ. "ಇಲ್ಲ ಸಾರ್, ಯಾರೂ ಇಲ್ಲ" ಎಂದು ಮಗ ಹೇಳಿದ್ದಾನೆ. ಸುಳ್ಳಲ್ಲ. ಅವನಿಗೆ ಗೊತ್ತಿರಲಿಲ್ಲ. ಕೊಟ್ಟಿಗೆಗೆ ಅವನು ಹೋಗುವುದು ಡೇರಿಯ ಬಿಲ್ಲು ಬಂದ ದಿನ ಮಾತ್ರ. ಅಜ್ಜಿ ಆಗ ಹುಲ್ಲು ಕುಯ್ಯಲು ಗದ್ದೆ ಬದುವಿಗೆ ಹೋಗಿದ್ದರು.

ಸೋಮವಾರ ಬೆಳಿಗ್ಗೆ ಊರಿಗೆ ಊರೇ ಎದ್ದು ಕೂತಿತು. ಕಾರಣ ಗಿಣ್ಣು. ಕರು ಹಾಕಿದಾಗ ಅಜ್ಜಿ ಬೆಲ್ಲ ಏಲಕ್ಕಿ ಹಾಕಿ, ಹಬೆಯಲ್ಲಿ ಬೇಯಿಸಿ, ಬೀದಿಗೆಲ್ಲ ತಟ್ಟೆ ತಟ್ಟೆ ಹಂಚಿದ್ದರು. ನಮ್ಮಮ್ಮನೂ ತಿಂದಿದ್ದರು. ಹುಚ್ಚು ಹಿಡಿದ ಹಸುವಿನ ಗಿಣ್ಣು ತಿಂದವರಿಗೆಲ್ಲ ಹುಚ್ಚು ಬರುತ್ತದೆ ಎಂದು ಯಾರೋ ಹೇಳಿದರು. ಎಲ್ಲರನ್ನೂ ಸೂಜಿ ಹಾಕಿಸಲು ಆಸ್ಪತ್ರೆಗೆ ಕರೆದೊಯ್ಯಲು ಟೆಂಪೋ ಬಂದೇಬಿಟ್ಟಿತು.

ನಾನು ಅಡ್ಡ ನಿಂತೆ. ಕಾಯಿಸಿದ ಹಾಲಿನಿಂದ, ಬೇಯಿಸಿದ ಗಿಣ್ಣಿನಿಂದ ರೇಬೀಸ್ ಬರುವುದಿಲ್ಲ, ಆ ವೈರಸ್ ಬಿಸಿಗೆ ನಿಲ್ಲುವುದಿಲ್ಲ, ಅದು ಇರುವುದು ಜೊಲ್ಲಿನಲ್ಲಿ ಎಂದೆಲ್ಲ ಹೇಳಿದೆ. ಡೇರಿ ಕಾರ್ಯದರ್ಶಿ ನನ್ನನ್ನು ಪ್ರೀತಿಯಿಂದಲೇ ನೋಡಿ, "ನೀನು ದನದ ಡಾಕ್ಟ್ರು ಕಣವ್ವ. ಜನುಕ್ಕೆ ಏನಾಯ್ತದೆ ಅಂತ ನಿಂಗೇನು ಗೊತ್ತು?" ಅಂದರು. ಜನ ನಕ್ಕರು. ಟೆಂಪೋ ಹೊರಟಿತು. ಮುಂದಿನ ಸೀಟಿನಲ್ಲಿ, ಡ್ರೈವರ್ ಪಕ್ಕ, ಅಜ್ಜಿಯ ಮಗ.

ನನಗೆ ಸಿಟ್ಟು ಬಂತು. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಪಟ್ಟಿ ಮಾಡಲು ಹೊರಟೆ. ಹೆಸರು, ವಯಸ್ಸು, ಗಿಣ್ಣು ತಿಂದಿರಾ, ಯಾವತ್ತು, ಹಾಲು ಕಾಯಿಸಿದ್ದಾ ಹಸಿಯಾ. ನಿಜ ಹೇಳುತ್ತೇನೆ, ಒಳಗೊಳಗೇ ಖುಷಿಯಾಗಿತ್ತು. ಕ್ಲಾಸಿನಲ್ಲಿ ಎಲ್ಲೋ ನಡೆದ ಮದುವೆ ಊಟದ ಲೆಕ್ಕ ಹಾಕಿಸುತ್ತಾರೆ: ಪಾಯಸ ತಿಂದವರೆಷ್ಟು, ವಾಂತಿಯಾದವರೆಷ್ಟು. ಇದು ನನ್ನ ಬೀದಿ, ನನ್ನ ಲೆಕ್ಕ. ಸಂಜೆಯ ಹೊತ್ತಿಗೆ ನಲವತ್ತೊಂದು ಹೆಸರು ಬಂದಿದ್ದವು. ಒಬ್ಬರೂ ಹಸಿ ಹಾಲು ಕುಡಿದಿರಲಿಲ್ಲ. ನೋಡಿ, ಒಬ್ಬರಿಗೂ ಸೂಜಿ ಬೇಕಿರಲಿಲ್ಲ ಎಂದು ಅಪ್ಪನ ಮುಂದೆ ಹಾಳೆ ಹಿಡಿದೆ. ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಅಕ್ಷರ ಚೆನ್ನಾಗೈತೆ" ಅಂದರು.

ಪಟ್ಟಿಯಲ್ಲಿ ಅಜ್ಜಿ ಇರಲಿಲ್ಲ. ಬಾಗಿಲಲ್ಲಿ ನಿಂತು ಗಿಣ್ಣು ತಿಂದಿರಾ ಎಂದು ಕೇಳಿದ್ದೆ. "ನಂಗೆ ಶುಗರ್ ಕಣವ್ವ, ತಿನ್ನಿಲ್ಲ" ಅಂದರು. ಸರಿ ಎಂದು ಮುಂದಿನ ಮನೆಗೆ ಹೋದೆ.

ಮಂಗಳವಾರ ಸುಮ್ನೆ ಮಾತಾಡಿಸೋಣ ಎಂದು ಹೋದೆ. ಹಸು ಹೋದ ಮನೆಯಲ್ಲೂ ಸೂತಕದ ಥರ ಒಂದು ಮೌನ ಇರುತ್ತದೆ. ಅಜ್ಜಿ ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತು ಬೇರೆ ಹಸುವಿನ ಹಾಲನ್ನು ಬಾಟಲಿಯಲ್ಲಿ ಕರುವಿಗೆ ಕುಡಿಸುತ್ತಿದ್ದರು. ಹಾಲು ಮುಗಿದ ಮೇಲೂ ಕರು ಬಿಡಲಿಲ್ಲ. ಬೆರಳು ಕೊಟ್ಟರು.

"ಇದ್ರವ್ವನೂ ಹಿಂಗೇ ಕಣ್ ಮಗ. ಸಾಯೋ ಹಿಂದಿನ ದಿನ ಗಂಟ್ಲಲ್ಲಿ ಏನೋ ಸಿಕ್ಕೈತೆ ಅಂತ ಕೈ ಹಾಕಿ ತಡಕುದ್ನಲ್ಲ, ಅಷ್ಟು ನೋವಲ್ಲೂ ಕಚ್ಚಲಿಲ್ಲ. ನೆಕ್ತು ಅಷ್ಟೇಯ."

ನನ್ನ ಕೈಕಾಲು ತಣ್ಣಗಾಯಿತು. ಯಾವ ಕೈ ಎಂದೆ. ಬಲಗೈ ತೋರಿಸಿದರು. ಹೆಬ್ಬೆರಳ ಬುಡದಲ್ಲಿ ಕುಡುಗೋಲಿನ ಗಾಯ, ಇನ್ನೂ ಕೆಂಪಗಿತ್ತು. ಬೆರಳ ಗೆಣ್ಣಿನಲ್ಲೆಲ್ಲ ಒಡಕು. ಒಂದು ಒಡಕಿನಲ್ಲಿ ಸಗಣಿ ಒಣಗಿತ್ತು. ಗುರುವಾರ ಒಂದು ಸಲ, ಶುಕ್ರವಾರ ಎರಡು ಸಲ, ಶನಿವಾರ ಬೆಲ್ಲದುಂಡೆ ಇಟ್ಟುಕೊಂಡು ಮತ್ತೊಂದು ಸಲ. ಮೊಣಕೈವರೆಗೆ.

ಒಡೆದ ಚರ್ಮದ ಮೇಲೆ ಹುಚ್ಚು ಪ್ರಾಣಿಯ ಜೊಲ್ಲು ಬಿದ್ದರೆ ಅದು ಮೂರನೇ ದರ್ಜೆ, ಎಲ್ಲಕ್ಕಿಂತ ಅಪಾಯದ್ದು. ಕಚ್ಚಿ ರಕ್ತ ಬಂದದ್ದಕ್ಕೆ ಸಮ. ಲಸಿಕೆಯ ಜೊತೆ, ವೈರಸ್ಸನ್ನು ಗಾಯದಲ್ಲೇ ತಡೆಯುವ ಸೀರಮ್ಮೂ ಬೇಕು. ಇದನ್ನು ನಾನು ದನದ ಡಿಗ್ರಿಯಲ್ಲೂ ಬರೆದು ಪಾಸಾಗಿದ್ದೇನೆ, ಜನರ ಡಿಗ್ರಿಯಲ್ಲೂ ಬರೆದಿದ್ದೇನೆ. ಎರಡೂ ಕಡೆ ಒಳ್ಳೆಯ ನಂಬರ್. ಜೊಲ್ಲಿನಲ್ಲಿರುತ್ತದೆ ಎಂದು ಟೆಂಪೋ ಮುಂದೆ ಕೂಗಿ ಹೇಳಿದವಳೂ ನಾನೇ. ಆದರೂ ಕೈ ಹಾಕಿದಿರಾ ಎಂದು ಒಬ್ಬರನ್ನೂ ಕೇಳಿರಲಿಲ್ಲ. ನನ್ನ ಹಾಳೆಯಲ್ಲಿ ಆ ಕಾಲಮ್ಮೇ ಇರಲಿಲ್ಲ. ಯಾರಿಗೆ ಸೂಜಿ ಬೇಡ ಎಂದು ಸಾಧಿಸಲು ಮಾಡಿದ ಪಟ್ಟಿ ಅದು. ಯಾರಿಗೆ ಬೇಕು ಎಂದು ಹುಡುಕಲು ಹೊರಟಿರಲೇ ಇಲ್ಲ.

"ಅಜ್ಜಿ, ಏಳಿ. ಆಸ್ಪತ್ರೆಗೆ ಹೋಗಬೇಕು" ಎಂದಾಗ ಬಂದದ್ದು ಆ ಮಾತು. ನಾನು ಗಿಣ್ಣೇ ತಿನ್ನಿಲ್ವಲ್ಲ ಮಗ.

ತಪ್ಪು ಅಜ್ಜಿಯದಲ್ಲ. ಎರಡು ದಿನದಿಂದ ಊರಲ್ಲಿ ಕೇಳಿಬರುತ್ತಿದ್ದದ್ದು ಗಿಣ್ಣಿನ ಮಾತೊಂದೇ. ನಾನೂ ಹೋಗಿ ಗಿಣ್ಣನ್ನೇ ಕೇಳಿದ್ದೆ. ಗಿಣ್ಣು ತಿಂದವರಿಗೆ ಸೂಜಿ, ತಿನ್ನದವರಿಗೆ ಇಲ್ಲ ಎಂದು ಅವರು ತಿಳಿದುಕೊಂಡರೆ ಅದು ಸರಿಯಾದ ಲೆಕ್ಕವೇ.

ಮೊದಲು ಕೈ ತೊಳೆಸಿದೆ. ಸೋಪು ಹಾಕಿ, ನಲ್ಲಿ ಕೆಳಗೆ, ಹದಿನೈದು ನಿಮಿಷ. ತಡವಾಗಿದ್ದರೂ ತೊಳೆಯಬೇಕು. "ನನ್ ಮದ್ವೆಗೂ ಇಷ್ಟು ತೊಳ್ದಿರ್ಲಿಲ್ಲ" ಎಂದು ಗೊಣಗಿದರು. ಹತ್ತಿರದ ಆಸ್ಪತ್ರೆಯಲ್ಲಿ ಲಸಿಕೆ ಮುಗಿದಿತ್ತು. ನಲವತ್ತೊಂದು ಜನ ಬಂದು ಹೋಗಿದ್ದರಲ್ಲ. ಸೀರಮ್ ಅಲ್ಲಿ ಮೊದಲೇ ಇರಲಿಲ್ಲ. ಇನ್ನೂ ದೊಡ್ಡ ಆಸ್ಪತ್ರೆಗೆ ಕಾರು ಮಾಡಿಕೊಂಡು ಹೋದೆವು. ನರ್ಸ್ ರಿಜಿಸ್ಟರ್ ಬಿಡಿಸಿ, "ಏನು ಕಚ್ಚಿದ್ದು?" ಅಂದರು. ಅಜ್ಜಿ "ಕಚ್ಚಿಲ್ಲ ಕಣವ್ವ" ಅಂದರು. "ಮತ್ತೆ ಯಾಕೆ ಬಂದ್ರಿ?" ನಾನು ಮಧ್ಯೆ ಬಾಯಿ ಹಾಕಿದೆ. "ನೀವು ಯಾರು?" ಡಾಕ್ಟರು ಎಂದೆ. "ಯಾವ ಆಸ್ಪತ್ರೆ?" ಒಂದು ಕ್ಷಣ ತಡೆದು ಪಶುವೈದ್ಯೆ ಎಂದೆ. ಅವರ ಮುಖದಲ್ಲಿ ಟೆಂಪೋ ಮುಂದೆ ಕಂಡ ಅದೇ ನಗು. ಪುಣ್ಯಕ್ಕೆ ಒಳಗಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಅಜ್ಜಿಯ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಮುಂದೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಒಡಕಿನ ಸುತ್ತ ಸೀರಮ್ ಚುಚ್ಚುವಾಗ ಅಜ್ಜಿ ನನ್ನ ದುಪಟ್ಟಾದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದರು.

ನಮ್ಮ ಮೊದಲ ಕ್ಲಾಸಿನಲ್ಲಿ ಒಂದು ಸ್ಲೈಡ್ ಇತ್ತು. ಪ್ರಾಣಿ ವೈದ್ಯಕ್ಕೂ ಮನುಷ್ಯ ವೈದ್ಯಕ್ಕೂ ನಡುವೆ ಗೆರೆ ಇಲ್ಲ ಎಂದು ನೂರು ವರ್ಷಕ್ಕೂ ಹಿಂದೆ ಹೇಳಿದ ಜರ್ಮನಿಯ ವೈದ್ಯ ವಿರ್ಕೋ ಅವರದ್ದು. ಮುಂದಿನ ಸ್ಲೈಡ್ ನಮ್ಮದೇ ಸೊರಬದ ಕ್ಯಾಸನೂರು ಕಾಡು, 1957, ಮಂಗನ ಕಾಯಿಲೆ. ಮೊದಲು ಮಂಗಗಳು ಸತ್ತವು, ಆಮೇಲೆ ಜನ. ನಾನು ಈ ಓದಿಗೆ ಬಂದದ್ದೇ ಆ ಕಥೆ ಕೇಳಿ. ಆದರೆ ಹಸುವಿನ ಕಾಗದ ಒಂದು ಇಲಾಖೆಯಲ್ಲಿ, ಅಜ್ಜಿಯ ಕಾಗದ ಇನ್ನೊಂದು ಇಲಾಖೆಯಲ್ಲಿ. 2022ರಲ್ಲಿ ನಮ್ಮ ರಾಜ್ಯ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಮಾಡಿತು. ಒಳ್ಳೆಯದೇ. ಆದರೆ ಹಸುವಿನ ಬಾಯಿಗೆ ಕೈ ಹಾಕಿದ ಹೆಂಗಸನ್ನು ಮೊದಲು ಯಾರಾದರೂ ಕಾಣಬೇಕಲ್ವಾ? ಹಾಲು ಕರೆಯುವುದು, ಸಗಣಿ ಬಾಚುವುದು, ಮಾಸು ಬೀಳದಿದ್ದರೆ ಕೂತು ಕಾಯುವುದು, ಎಲ್ಲ ನಮ್ಮೂರಲ್ಲಿ ಹೆಂಗಸರ ಕೆಲಸ. ಡಾಕ್ಟರು ಬಂದಾಗ ಉತ್ತರ ಕೊಡುವವನು ಮಾತ್ರ ಗಂಡಸು. ನಾನೂ ಕೆಲಸ ಮಾಡುತ್ತಿದ್ದಾಗ ಕೇಸ್ ಶೀಟಿನಲ್ಲಿ ಮಾಲೀಕರ ಹೆಸರು ಎಂಬಲ್ಲಿ ಎಷ್ಟು ಗಂಡಸರ ಹೆಸರು ಬರೆದಿದ್ದೇನೋ. ಆ ಹಸುಗಳನ್ನು ಯಾರು ಕರೆಯುತ್ತಿದ್ದರು ಎಂದು ಕೇಳಿದ ನೆನಪಿಲ್ಲ.

ಸೂಜಿ ಹಾಕುವವನಿಗೂ ಫೋನು ಮಾಡಿದೆ. ಬುಧವಾರ ಹಸುವಿನ ಬಾಯಿ ಬಿಡಿಸಿ ನೋಡಿದ್ದನಂತೆ. ಮೊದಲು ನಕ್ಕ. ನಿನ್ನೆ ಅವನೇ ವಾಪಸ್ ಫೋನು ಮಾಡಿ, ಯಾವ ಆಸ್ಪತ್ರೆ ಮೇಡಂ ಅಂದ.

ಮಂಗಳವಾರ ಸಂಜೆಯೇ ಪಶುವೈದ್ಯರು ಬಂದು ಕರುವಿಗೂ ಲಸಿಕೆ ಶುರುಮಾಡಿದರು. ಹಾಗಾಗಿ ಇಬ್ಬರ ತಾರೀಖನ್ನೂ ಡೇರಿ ಪಾಸ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಟ್ಟಿದ್ದೇನೆ. ಎರಡು ಸಾಲು. ಅಜ್ಜಿಗೆ ಶುರುವಾದ ಮಂಗಳವಾರ, ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ. ಕರುವಿಗೆ ನಡುವೆ ಹದಿನಾಲ್ಕನೇ ದಿನ ಒಂದು ಜಾಸ್ತಿ. ಅಜ್ಜಿಗೆ ಅಕ್ಷರ ಬರುವುದಿಲ್ಲ, ಎಣಿಕೆ ಬರುತ್ತದೆ. ಎರಡೂ ಸಾಲಿನ ಮೇಲೆ ಬೆರಳಾಡಿಸಿದರು.

"ಕರುಗೆ ಐದು, ನಂಗೆ ನಾಲ್ಕೇಯಾ?"

ಹೌದು ಎಂದೆ.

"ನಿಮ್ ದನದ ಡಾಕ್ಟ್ರೇ ವಾಸಿ ಬುಡು."

ನಾಳೆ ಮೂರನೇ ದಿನ. ಒಂಬತ್ತೂವರೆ ಬಸ್ಸು.